ಪದವಿ ಮಕ್ಕಳಿಗೆ, ಸಾಲ ಮನೆಗೆ
(ಗೌರಿಬಿದನೂರಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲಿಯೂ ಪಿ.ಯು.ಸಿ. ಫಲಿತಾಂಶ ಬಂದ ಕೂಡಲೆ ಮನೆಮನೆಯಲ್ಲಿ ಒಂದೇ ಮಾತು: ಕಂಪ್ಯೂಟರ್ ಸೈನ್ಸ್ ಸೀಟು. ಬೇಡವೆನ್ನುವವರು ನಾವಲ್ಲ. ಮಗ್ಗದ ಮುಂದೆ, ತಕ್ಕಡಿಯ ಹಿಂದೆ ಆಯುಸ್ಸು ಸವೆಸಿದವರು ಮಕ್ಕಳಿಗೆ ಬೇರೆ ಬಾಳನ್ನು ಬಯಸುವುದು ನ್ಯಾಯವೇ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದು. ಎಂಜಿನಿಯರ್ ಎಂಬ ಮಾತಿಗೆ ನಮ್ಮಲ್ಲಿ ಮರ್ಯಾದೆ ಇದೆ. ಆದರೆ ಸೀಟಿನ ಜೊತೆಯಲ್ಲಿಯೇ ಮನೆಗೆ ಬರುವ ಸಾಲದ ಲೆಕ್ಕವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಂದು ಅದನ್ನು ಬಿಡಿಸೋಣ.

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಬ್ಯಾಂಕಿನಿಂದ ಸಾಲ ತೆಗೆದೆವೆನ್ನಿ. ಬಡ್ಡಿ ನೂರಕ್ಕೆ ಹತ್ತು. ಓದುವಾಗಲೂ ಆಮೇಲೆ ಒಂದು ವರ್ಷವೂ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿಗೆ ರಜೆಯಿಲ್ಲ. ಐದನೆಯ ವರ್ಷ ಮುಗಿಯುವಾಗ ಸರಳ ಬಡ್ಡಿಯೇ 1 ಲಕ್ಷ 40 ಸಾವಿರ. ಅಸಲು ಬಡ್ಡಿ ಸೇರಿ 5 ಲಕ್ಷ 40 ಸಾವಿರವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 7,100 ರೂಪಾಯಿ ಚಿಲ್ಲರೆ. ತೆಗೆದದ್ದು ನಾಲ್ಕು ಲಕ್ಷ, ತೀರಿಸುವುದು ಎಂಟೂವರೆ ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿಗೆಂದು ವರ್ಷಕ್ಕೆ ಎರಡು ಲಕ್ಷ ತೆಗೆದರೆ ಕಂತು 14,200ಕ್ಕೂ ಮೇಲೆ.

ಈಗ ಸಂಬಳ ನೋಡಿ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು 2010ರ ಸುಮಾರಿಗೆ ಹೊಸಬರಿಗೆ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕೊಡುತ್ತಿದ್ದವು. ಇಂದಿಗೂ ಬಹುಮಂದಿಗೆ ಸಿಗುವುದು ಮೂರೂವರೆ, ನಾಲ್ಕು ಲಕ್ಷ. ಅಕ್ಕಿ, ಬಾಡಿಗೆ, ಕಾಲೇಜಿನ ಶುಲ್ಕ ಏರಿದಷ್ಟು ಈ ಸಂಬಳ ಏರಲಿಲ್ಲ. ತಿಂಗಳಿಗೆ 25 ಸಾವಿರ ಕೈಗೆ ಬಂದರೆ ಬೆಂಗಳೂರಿನ ಊಟ, ವಸತಿ, ಬಸ್ಸಿಗೆ ಎಷ್ಟು, ಕಂತಿಗೆ ಎಷ್ಟು, ಊರಿಗೆ ಎಷ್ಟು? ಕಾಲೇಜಿನ ಫಲಕದ ಮೇಲಿರುವ ಲಕ್ಷಾಂತರದ ಸಂಬಳ ಒಬ್ಬಿಬ್ಬರದು. ತರಗತಿಯ ಮಧ್ಯದಲ್ಲಿ ನಿಂತ ಹುಡುಗನಿಗೆ ಸಿಕ್ಕಿದ್ದೆಷ್ಟು ಎಂದು ಕೇಳಿ.

ಅದೂ ಖಾತ್ರಿಯೇ? 2022ರಲ್ಲಿ ಇನ್ಫೋಸಿಸ್‌ನಿಂದ ನೇಮಕದ ಪತ್ರ ಪಡೆದ ಎಷ್ಟೋ ಮಂದಿ ಕೆಲಸಕ್ಕೆ ಸೇರಲು 2024ರವರೆಗೆ ಕಾದರು. 2025ರ ಫೆಬ್ರುವರಿಯಲ್ಲಿ ಅದೇ ಕಂಪನಿಯ ಮೈಸೂರಿನ ತರಬೇತಿ ಕೇಂದ್ರದಿಂದ, ಒಳಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು 300ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಲಾಯಿತು. ಅದೇ ವರ್ಷ ಟಿ.ಸಿ.ಎಸ್. ಸುಮಾರು 12 ಸಾವಿರ ನೌಕರರನ್ನು ಕಡಿಮೆ ಮಾಡುವುದಾಗಿ ಸಾರಿತು. ಗೇಟಿನ ಮುಂದೆ ನಿಂತು ಇಂದು ಕೆಲಸ ಉಂಟೇ ಎಂದು ಕೇಳುವ ಬದಲಿ ಕಾರ್ಮಿಕನ ಪಾಡು ನಿಮಗೆ ಗೊತ್ತು. ಈ ಹುಡುಗರದೂ ಅದೇ ಪಾಡು. ಕೊರಳಲ್ಲಿ ಗುರುತುಚೀಟಿ ಇರುವುದೊಂದೇ ವ್ಯತ್ಯಾಸ.

ಶಿಡ್ಲಘಟ್ಟದ ರೀಲರ್ ಇಂದಿನ ಬೆಲೆಗೆ ಗೂಡು ಕೊಳ್ಳುತ್ತಾನೆ. ನಾಳೆಯ ರೇಷ್ಮೆಯ ಬೆಲೆ ಅವನ ಕೈಯಲ್ಲಿಲ್ಲ. ಆದರೂ ಅವನ ವ್ಯಾಪಾರ ಕೆಲವು ದಿನಗಳದು. ಇಲ್ಲಿಯದು ನಾಲ್ಕು ವರ್ಷದ ಜೂಜು. ಕಾಲೇಜಿಗೆ ಹಣ ಮುಂಗಡ ಸಂದಿರುತ್ತದೆ. ಬ್ಯಾಂಕಿಗೆ ಬಡ್ಡಿ ಬರುತ್ತದೆ. ಕಂಪನಿ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ನಷ್ಟದ ಭಯವೆಲ್ಲ ಸಾಲದ ಪತ್ರಕ್ಕೆ ಮಗುವಿನೊಡನೆ ರುಜು ಹಾಕಿದ ತಂದೆತಾಯಿಗಳ ಪಾಲಿಗೆ. ಇದನ್ನೇ ನಾವು ಅನ್ಯಾಯವೆನ್ನುವುದು.

ಹಾಗಾದರೆ ಮಾಡಬೇಕಾದ್ದೇನು? ಮೊದಲು, ಇರುವ ಸೌಲಭ್ಯವನ್ನು ಬಿಡದೆ ಕೇಳಿ ಪಡೆಯಿರಿ. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ; ಮನೆಯ ಪತ್ರ ಹಿಡಿದು ಸಾಹುಕಾರನ ಬಾಗಿಲಿಗೆ ಓಡಬೇಡಿ. ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು ಕಾಲೇಜಿಗೆ ಮಾನ್ಯತೆ ಇದ್ದರೆ, ಓದಿನ ಅವಧಿಯ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ 2009ರಿಂದ ಇದೆ. ನಾವು ಲೆಕ್ಕ ಹಾಕಿದ 1 ಲಕ್ಷ 40 ಸಾವಿರ ಅದೇ! ಸಾಲ ಪಡೆಯುವಾಗಲೇ ವರಮಾನದ ಪ್ರಮಾಣಪತ್ರ ಕೊಟ್ಟು ಕೇಳಿ. ಸಿ.ಇ.ಟಿ.ಯಲ್ಲಿ ಎಸ್.ಎನ್.ಕ್ಯು. ಎಂಬ ಸೀಟುಗಳಿವೆ, ವರಮಾನ ಎಂಟು ಲಕ್ಷದೊಳಗಿದ್ದವರಿಗೆ ಅಲ್ಲಿ ಬೋಧನಾ ಶುಲ್ಕ ಮಾಫಿ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು. ಒಂದು ವರ್ಷದ ಶುಲ್ಕ ಉಳಿದೀತು.

ಆದರೆ ಒಬ್ಬೊಬ್ಬರ ಜಾಣತನದಿಂದ ಊರಿನ ಕಷ್ಟ ನೀಗದು. ಇದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ನಡೆದು ಹೋದರು, ವಿದ್ಯಾರ್ಥಿನಿಲಯದ ಆಶ್ರಯದಲ್ಲಿ ಓದಿದರು, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳಾದದ್ದು ಅವರ ಮುಂದಾಳುತನದಲ್ಲಿ. ಬಡವರ ಮಗುವನ್ನು ಸಮಾಜ ಎತ್ತಿ ಹಿಡಿದರೆ ಆ ಮಗು ಸಮಾಜಕ್ಕೆ ಏನು ಹಿಂತಿರುಗಿಸೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ನಮ್ಮ ಕೇಳಿಕೆಗಳು ಮೂರು. ಸರ್ಕಾರಿ ಕಾಲೇಜುಗಳಲ್ಲಿ ಸೀಟೂ ವಿದ್ಯಾರ್ಥಿನಿಲಯವೂ ಹೆಚ್ಚಲಿ. ಕೆಲಸ ಸಿಗುವವರೆಗೆ ಬಡ್ಡಿ ನಿಲ್ಲಲಿ, ಕಂತು ಸಂಬಳಕ್ಕೆ ತಕ್ಕಂತಿರಲಿ. ಪ್ರತಿ ಕಾಲೇಜೂ ತನ್ನ ಎಲ್ಲ ವಿದ್ಯಾರ್ಥಿಗಳ ಕೆಲಸದ, ಸಂಬಳದ ಲೆಕ್ಕವನ್ನು ವರ್ಷವರ್ಷ ಬಹಿರಂಗವಾಗಿ ಪ್ರಕಟಿಸಲಿ. ಮತ ಕೇಳಲು ಬರುವವರ ಮುಂದೆ, ಅವರು ಯಾವ ಪಕ್ಷದವರೇ ಆಗಲಿ, ಈ ಮೂರನ್ನೂ ಇಡಿ. ಉತ್ತರ ಸಿಗುವವರೆಗೆ ಬಿಡಬೇಡಿ.