ಬಾಯಿಯ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಹೆದರಿ ಕಾಲ ಕಳೆಯದಿರೋಣ

(ತಿಳವಳ್ಳಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಾನಗಲ್ ತಾಲೂಕಿನ ಈ ಭಾಗದಲ್ಲಿ ಅಡಿಕೆಯು ತೋಟದಲ್ಲೂ ಇದೆ, ಅಂಗಡಿಯ ಮುಂದೆ ತೂಗುವ ಪೊಟ್ಟಣಗಳ ಸರದಲ್ಲೂ ಇದೆ, ನಮ್ಮ ಯುವಕರ ಜೇಬಿನಲ್ಲೂ ಇದೆ. ತಂಬಾಕು ಬೆರೆತರೆ ಮಾತ್ರ ಅಪಾಯವೆಂದು ನಾವು ಭಾವಿಸಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯು ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಸಾರಿದೆ. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕಂಪೆನಿಗಳು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲೂ ತಂಬಾಕನ್ನು ಇನ್ನೊಂದರಲ್ಲೂ ತುಂಬಿ ಮಾರತೊಡಗಿದವು. ಬೆರೆಸುವ ಕೆಲಸ ಮಾತ್ರ ಗಿರಾಕಿಯದಾಯಿತು! ಮದ್ಯ ಹರಾಮೆಂದು ದೂರ ನಿಲ್ಲುವ ನಾವು ಈ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡೇ ಜುಮಾಕ್ಕೆ ಬರುತ್ತೇವೆ.

ಆದರೆ ಇಂದು ನಾವು ಮುಖ್ಯವಾಗಿ ಹೇಳಬೇಕಾದುದು ರೋಗ ಬಂದ ಬಳಿಕದ ಮಾತು. ‘ಕತ್ತಿ ತಾಗಿದರೆ ಗಡ್ಡೆ ಮೈಗೆಲ್ಲ ಹರಡುತ್ತದೆ’ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಈ ಭಯದಿಂದ ನಾಟಿ ಔಷಧ, ತಾಯತ, ಊದಿಸಿದ ನೀರು ಎನ್ನುತ್ತಾ ತಿಂಗಳುಗಳು ಉರುಳುತ್ತವೆ. ದುಆ ಬೇಡವೆಂದಲ್ಲ, ಆದರೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರೂ ಪ್ರವಾದಿವರ್ಯರೇ(ಸ). ಕತ್ತಿಯಿಂದ ರೋಗ ಹರಡುತ್ತದೆಂಬ ಮಾತಿಗೆ ಆಧಾರವಿಲ್ಲ. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಪ್ರಧಾನ ಚಿಕಿತ್ಸೆ.

ವೈದ್ಯರು ಗಡ್ಡೆಯೊಂದಿಗೆ ಅದರ ಸುತ್ತಲಿನ ಆರೋಗ್ಯವಂತ ಭಾಗವನ್ನೂ ಸ್ವಲ್ಪ ತೆಗೆಯುತ್ತಾರೆ. ದವಡೆಗೆ ರೋಗ ತಗುಲಿದ್ದರೆ ಮೂಳೆಯ ತುಂಡೂ ಹೋಗುತ್ತದೆ. ಆ ಜಾಗವನ್ನು ಎದೆಯ ಅಥವಾ ಮುಂಗೈಯ ಚರ್ಮ, ಮಾಂಸ, ಕೆಲವೊಮ್ಮೆ ಕಾಲಿನ ಮೂಳೆಯಿಂದ ಮತ್ತೆ ಕಟ್ಟುತ್ತಾರೆ. ‘ರೋಗ ಇರುವುದು ನಾಲಿಗೆಯಲ್ಲಿ, ಕುತ್ತಿಗೆಯನ್ನೇಕೆ ಕೊಯ್ಯುತ್ತಾರೆ?’ ಎಂದು ಸಂಬಂಧಿಕರು ತಗಾದೆ ತೆಗೆಯುವುದು ಇಲ್ಲಿಯೇ. ಈ ರೋಗ ಸಾಮಾನ್ಯವಾಗಿ ಮೊದಲು ಸಾಗುವುದು ಕುತ್ತಿಗೆಯ ಗ್ರಂಥಿಗಳಿಗೆ. ಆಗ ಅದು ಕೈಗೆ ಸಿಗದಿರಲೂಬಹುದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯು 2004ರಲ್ಲಿ ಆರಂಭಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ರೋಗದ ಆರಂಭದ ಹಂತದವರು. ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ಬಳಿಕ ಶೇ. 80 ಮಂದಿ ಬದುಕಿದ್ದರು. ಕುತ್ತಿಗೆಯಲ್ಲಿ ಗಂಟು ಕಂಡ ಮೇಲೆ ತೆಗೆಯೋಣವೆಂದು ಕಾಯಿಸಲಾದವರಲ್ಲಿ ಶೇ. 67.5. ನೂರು ಮಂದಿಯಲ್ಲಿ ಹನ್ನೆರಡಕ್ಕೂ ಹೆಚ್ಚು ಜೀವಗಳ ಅಂತರವಿದು.

ತಡವಾಗಿ ಬಂದವರಿಗೆ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಅದು ಸುಮಾರು ಆರು ವಾರಗಳೊಳಗೆ ಆರಂಭವಾಗಬೇಕು. ಗಾಯ ಮಾಗಿತೆಂದು ಊರಿಗೆ ಬಂದು ಉಳಿದುಬಿಡುವವರು ಚಿಕಿತ್ಸೆಯನ್ನು ಅರ್ಧಕ್ಕೇ ಕೈಬಿಟ್ಟಂತೆ.

ಸಹೋದರಿಯರ ವಿಷಯ ಇನ್ನೂ ಕಳವಳಕಾರಿ. ಎಲೆ-ಅಡಿಕೆ, ತಂಬಾಕು, ಮಿಶ್ರಿ ನಮ್ಮ ಅಜ್ಜಿಯಂದಿರ ಒಡನಾಡಿಗಳು. ಪರ್ದಾದ ಹೆಸರಿನಲ್ಲಿ ಅವರ ಬಾಯಿಯನ್ನು ವೈದ್ಯರಿಗೆ ತೋರಿಸದಿರುವುದು ಧರ್ಮವಲ್ಲ, ನಿರ್ಲಕ್ಷ್ಯ. ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಸಡಿಲವಾದ ಹಲ್ಲು, ಬಾಯಿ ಅಗಲಿಸಲಾಗದ ಬಿಗಿತ ಇವುಗಳಲ್ಲಿ ಒಂದು ಕಂಡರೂ ತೋರಿಸಬೇಕು.

ಹಣದ ಚಿಂತೆ ಸಹಜ. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರದು ಎಂಬುದು ನಮ್ಮಲ್ಲೇ ಎಷ್ಟೋ ಮಂದಿಗೆ ತಿಳಿಯದು. ಆದರೆ ಬಸ್ಸಿನ ಖರ್ಚು, ಜೊತೆಗಿರುವವರ ಊಟ, ನಿಂತುಹೋದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡದು. ಜಮಾಅತ್ ಕಮಿಟಿಗಳು ಕೈಹಾಕಬೇಕಾದುದು ಅಲ್ಲಿ. ಬಡ ರೋಗಿಗೆ ಝಕಾತ್‌ನಿಂದ ನೆರವಾಗಲಿ, ಕಾಗದಪತ್ರ ಓದಬಲ್ಲ ಒಬ್ಬ ಯುವಕ ಅವರೊಂದಿಗೆ ಹುಬ್ಬಳ್ಳಿಯವರೆಗೆ ಹೋಗಲಿ. ಈ ಎರಡನ್ನು ಮುಂದಿನ ಕಮಿಟಿ ಸಭೆಯಲ್ಲೇ ನಿರ್ಧರಿಸಬೇಕೆಂದು ವಿನಂತಿಸುತ್ತೇವೆ.