ಸಡಿಲಾದ ಪೈಪಿಗೆ ಗೋಂದು ಬೇಡ



ಇವತ್ತಿನ ಮಾತು ತಂಬಾಕಿನ ಪೈಪಿನ ಬಗ್ಗೆ. ಹಾಗೆಂದು ಸೇದಿ ಎಂದು ಹೇಳಲು ಬಂದಿಲ್ಲ. ಪೈಪಿನ ಹೊಗೆಯೂ ಬಾಯಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು. ಅದರಲ್ಲಿ ಎರಡು ಮಾತಿಲ್ಲ. ನಾನು ಸೇದುವವನೂ ಅಲ್ಲ. ಮುಂಬಯಿಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಕೈ ಸುಮ್ಮನಿರುವುದಿಲ್ಲವಾದ್ದರಿಂದ ನೆಂಟರಿಷ್ಟರ ಮನೆಯ ಮುರುಕು ಸಾಮಾನುಗಳು ನನ್ನ ಮೇಜಿಗೆ ಬರುತ್ತವೆ. ಹೋದ ವರ್ಷ ಬಂದದ್ದು ನಮ್ಮ ಭಾವನವರ ಪೈಪು.

ನಿಮ್ಮಲ್ಲೂ ಎಷ್ಟೋ ಜನರ ಮನೆಯ ಷೋಕೇಸಿನಲ್ಲಿ ಅಜ್ಜನದೋ ಮಾವನದೋ ಇಂಥದೊಂದು ಪೈಪು ಕೂತಿರಬಹುದು. ಎತ್ತಿ ನೋಡಿ. ಬಟ್ಟಲು ಒಂದು ಕೈಯಲ್ಲಿ ಉಳಿದು, ಬಾಯಿಗಿಡುವ ಕರಿ ಕೊಳವೆ ನೆಲಕ್ಕೆ ಬೀಳುತ್ತದೆ. ಈ ಕೊಳವೆಗೆ ಇಂಗ್ಲಿಷಿನವರು ಸ್ಟೆಮ್ ಅನ್ನುತ್ತಾರೆ. ಭಾವನವರ ಪೈಪಿಗೂ ಹಾಗೇ ಆಗಿತ್ತು. ಸಿಕ್ಕಿಸಿದರೂ ಕೊಳವೆ ಬಲಕ್ಕೆ ವಾಲುತ್ತಿತ್ತು, ಕತ್ತಿಗೂ ಕೊಳವೆಗೂ ನಡುವೆ ಉಗುರು ತೂರುವಷ್ಟು ಸಂದು.

ಅಕ್ಕ ಪೈಪನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಡಾಕ್ಟರು ಹೇಳಿದ ಮೇಲೆ ಭಾವ ತಂಬಾಕು ಬಿಟ್ಟಿದ್ದರು, ಪೈಪು ಬಿಟ್ಟಿರಲಿಲ್ಲ. ಖಾಲಿ ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹತ್ತು ವರ್ಷ ಪದಬಂಧ ತುಂಬಿಸಿದರು. ಕೊಳವೆಯ ತುದಿಯಲ್ಲಿ ಅವರ ಹಲ್ಲಿನ ಎರಡು ಗುಳಿಗಳಿದ್ದವು. "ಬೇಕಾದ್ದು ಮಾಡೋ, ಇದು ಮಾತ್ರ ಅಳಿಸಬೇಡ" ಎಂದಳು. ಕೆಲಸ ಕಷ್ಟವಾದದ್ದು ಇಲ್ಲೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಳ್ಳೆಯ ಪೈಪಿನ ಬಟ್ಟಲು ಬ್ರಯರ್ ಮರದ್ದು. ಮೆಡಿಟರೇನಿಯನ್ ತೀರದ ಒಂದು ಪೊದೆಗಿಡದ ಬೇರುಗಂಟು ಅದು, ಬೆಂಕಿಯ ಕಾವು ತಡೆಯುತ್ತದೆ. ಬಟ್ಟಲಿನಿಂದ ಹೊರಟ ಕತ್ತಿನಲ್ಲಿ ಒಂದು ತೂತು. ಕೊಳವೆಯ ತುದಿಯಲ್ಲಿ ಆ ತೂತಿಗೆ ಸರಿಯಾದ ಒಂದು ಗೂಟ. ಅಂಟಿಲ್ಲ, ಮೊಳೆಯಿಲ್ಲ, ಬರೀ ಬಿಗಿತದ ಮೇಲೆ ನಿಲ್ಲುವ ಕೂಡಿಕೆ. ಸ್ವಚ್ಛ ಮಾಡಲು ಬಿಚ್ಚಬೇಕು, ಮತ್ತೆ ಹಾಕಬೇಕು. ಆದ್ದರಿಂದಲೇ ಹಾಗೆ ಮಾಡಿದ್ದು. ದಿನಾ ಸೇದುವ ಪೈಪಿನಲ್ಲಿ ತೂತಿನ ಒಳಗೋಡೆ ತೇವ ಕುಡಿದು ಉಬ್ಬಿ ಗೂಟವನ್ನು ಹಿಡಿದಿರುತ್ತದೆ. ವರ್ಷಗಟ್ಟಲೆ ಸುಮ್ಮನಿಟ್ಟರೆ ಒಣಗಿ ಹಿಡಿತ ಬಿಡುತ್ತದೆ. ಜೊತೆಗೆ ಗೂಟವೂ ಒತ್ತಿ ಒತ್ತಿ ಕೂದಲೆಳೆಯಷ್ಟು ಸಣ್ಣಗಾಗಿರುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ಕೈ ಮೊದಲು ಹೋಗುವುದು ಗೋಂದಿಗೆ. ನಾನೂ ಅದೇ ತಪ್ಪು ಮಾಡಿದವನು. ಬಹಳ ವರ್ಷದ ಹಿಂದೆ ಪಕ್ಕದ ಮನೆಯವರ ಪೈಪಿಗೆ ಎರಡು ಹನಿ ಸೂಪರ್ ಗ್ಲೂ ಬಿಟ್ಟೆ. ಕಲ್ಲಿನಂತೆ ಕೂತಿತು, ಶಭಾಷ್ ಎಂದರು. ಆರು ತಿಂಗಳ ಮೇಲೆ ಒಳಗೆ ಕಸ ಕಟ್ಟಿ ಬಿಚ್ಚಹೋದರೆ ಕೊಳವೆ ಬರಲಿಲ್ಲ, ಕತ್ತು ಸೀಳಿತು. ಪಾಪ, ಆ ಮನುಷ್ಯ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಸಮಾಧಾನವಾಗುತ್ತಿತ್ತು.

ಹಾಗಾಗಿ ಮೊದಲು ಮಾಡಬೇಕಾದ್ದು ಸ್ವಚ್ಛತೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕತ್ತಿನ ತೂತಿನೊಳಗೆ ತಿರುಗಿಸಿ. ಟಾರು ಕಪ್ಪಗೆ ಬರುತ್ತದೆ. ಕಡ್ಡಿ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಸ್ಪಿರಿಟ್ಟು ಮರದ ಹೊರಗಿನ ಪಾಲಿಶಿಗೆ ತಾಗದಿರಲಿ, ತಾಗಿದರೆ ಮಚ್ಚೆ ಬೀಳುತ್ತದೆ. ಭಾವನವರ ಪೈಪಿನಲ್ಲಿ ಹದಿನೆಂಟು ಕಡ್ಡಿ ಹಿಡಿಯಿತು. ತೂತಿನ ತಳದಲ್ಲಿ ಟಾರು ಗಟ್ಟಿಯಾಗಿ ಮೆಟ್ಟಿಲಿನಂತೆ ಕೂತಿತ್ತು. ಗೂಟ ಅದಕ್ಕೆ ತಾಗಿ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಅದು ಹೋದ ಮೇಲೆ ಸಂದು ತಾನಾಗಿ ಮುಚ್ಚಿತು. ಸಂದು ಕಾಣಿಸಿತೆಂದು ಕತ್ತಿನ ಮುಖವನ್ನು ಉಪ್ಪುಕಾಗದದಿಂದ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ಉಜ್ಜಿದ ಮರ ವಾಪಸ್ ಬರುವುದಿಲ್ಲ. ಒಂದು ದಿನ ಒಣಗಲು ಬಿಟ್ಟು ಆಮೇಲೆ ಸಡಿಲ ಎಷ್ಟಿದೆ ನೋಡಿ.

ಇನ್ನು ಕೊಳವೆ ಯಾವುದರದ್ದು ಎಂದು ತಿಳಿಯಬೇಕು. ಹಳೆಯದು ಸಾಮಾನ್ಯವಾಗಿ ವಲ್ಕನೈಟ್, ಅಂದರೆ ಗಂಧಕ ಹೆಚ್ಚು ಸೇರಿಸಿ ಬೇಯಿಸಿದ ಗಟ್ಟಿ ರಬ್ಬರು. ಎಬೊನೈಟ್ ಅಂದರೂ ಅದೇ. ರಾಜಮಂಡ್ರಿಯಲ್ಲಿ ಕೈಯಿಂದ ಮಾಡುವ ಇಂಕ್ ಪೆನ್ನುಗಳು ಇದರವೇ. ಹಳತಾದಂತೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ತಿಕ್ಕಿದರೆ ಗಂಧಕದ ವಾಸನೆ ಬರುತ್ತದೆ. ಹೊಳಪು ಮಾಸದೆ ಗಾಜಿನಂತಿದ್ದರೆ ಅದು ಅಕ್ರಿಲಿಕ್. ಮುಂದೆ ಹೇಳುವ ಬಿಸಿ ಉಪಾಯ ಅಕ್ರಿಲಿಕ್ಕಿಗೆ ಬೇಡ, ಸೀಳಬಹುದು. ಅದಕ್ಕೆ ಗೂಟದ ಮೇಲೆ ಜೇನುಮೇಣವನ್ನು ತೆಳ್ಳಗೆ ಸವರಿದರೆ ಷೋಕೇಸಿನ ಮಟ್ಟಿಗೆ ಸಾಕು.

ವಲ್ಕನೈಟಿಗೆ ಒಂದು ವಿಚಿತ್ರ ಗುಣವಿದೆ. ಅದಕ್ಕೆ ನೆನಪಿದೆ. ಬಿಸಿ ಮಾಡಿದರೆ ಮೆತ್ತಗಾಗಿ, ಮೊದಲು ಅಚ್ಚಿನಲ್ಲಿ ಹೇಗಿತ್ತೋ ಆ ಆಕಾರಕ್ಕೆ ಮರಳಲು ನೋಡುತ್ತದೆ. ಸೊಟ್ಟಗಾದ ಗೂಟ ನೆಟ್ಟಗಾಗುತ್ತದೆ. ಬಾಗಿಸಿ ಮಾಡಿದ ಕೊಳವೆ ನೇರವಾಗಿಬಿಡುತ್ತದೆ. ಹಲ್ಲಿನ ಗುಳಿಗಳು ಮೇಲೆದ್ದು ಮಾಯವಾಗುತ್ತವೆ! ಹಳೆ ಪೈಪು ಕೊಂಡು ಮಾರುವವರಿಗೆ ಇದು ವರ. ನಮ್ಮ ಅಕ್ಕನಿಗೆ ಅಲ್ಲ.

ಅದಕ್ಕೆ ಬಾಯಿ ಕಡೆಯ ಅರ್ಧಕ್ಕೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿದೆ. ಚಹಾ ಲೋಟದಲ್ಲಿ ಕುದಿಯುವ ನೀರು ಹಾಕಿ ಗೂಟವನ್ನು ಮಾತ್ರ, ಅರ್ಧ ಇಂಚಿನಷ್ಟು, ಮುಳುಗಿಸಿದೆ. ಲೈಟರಿನ ಉರಿಯಲ್ಲಿ ಮಾಡುವವರೂ ಉಂಟು. ಒಂದು ಕ್ಷಣ ತಪ್ಪಿದರೆ ಸುಟ್ಟು ಗುಳ್ಳೆ ಏಳುತ್ತದೆ, ಹೊಸಬರಿಗೆ ನೀರೇ ಕ್ಷೇಮ. ಒಂದೆರಡು ನಿಮಿಷಕ್ಕೆ ಗೂಟ ಮೆತ್ತಗಾಯಿತು. ಎಂದೋ ಬಲಕ್ಕೆ ಬಾಗಿದ್ದು ನೋಡನೋಡುತ್ತಲೇ ನೆಟ್ಟಗಾಯಿತು. ತಕ್ಷಣ ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಯನ್ನು ಗೂಟದ ರಂಧ್ರಕ್ಕೆ ತೂರಿಸಬೇಕು. ರಂಧ್ರಕ್ಕಿಂತ ಒಂದೇ ಒಂದು ಅಳತೆ ದಪ್ಪನೆಯದು ಸಾಕು. ಒಳಗಿನಿಂದ ಒತ್ತಿದಾಗ ಗೂಟ ಹೊರಕ್ಕೆ ಹಿಗ್ಗುತ್ತದೆ. ಹಾಗೇ ಹಿಡಿದು ತಣ್ಣೀರಿನಲ್ಲಿ ಅದ್ದಿ, ಪೂರ್ತಿ ಆರಿದ ಮೇಲೆ ಬಿಟ್ಟನ್ನು ಎಳೆಯಿರಿ.

ಹಾಕಿ ನೋಡುವಾಗ ಬಟ್ಟಲನ್ನಲ್ಲ, ಕತ್ತನ್ನು ಹಿಡಿಯಿರಿ. ಕೊಳವೆಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ನಿಧಾನಕ್ಕೆ ಒತ್ತಿ. ತೀರಾ ಬಿಗಿಯೆನಿಸಿದರೆ ಅಲ್ಲೇ ನಿಲ್ಲಿಸಿ, ಬಲ ಹಾಕಿದರೆ ಕತ್ತು ಸೀಳುತ್ತದೆ. ಮತ್ತೆ ಬಿಸಿನೀರಿಗೆ ಅದ್ದಿದರೆ ಗೂಟ ಹಳೆಯ ಅಳತೆಗೆ ಬರುತ್ತದೆ, ಇನ್ನೊಮ್ಮೆ ಪ್ರಯತ್ನಿಸಬಹುದು. ನನಗೂ ಎರಡನೇ ಸಲಕ್ಕೆ ಹದ ಸಿಕ್ಕಿತು. ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂ ಸೇದುವವರಿದ್ದರೆ, ಬಿಸಿಯಿರುವಾಗ ಕೊಳವೆ ಎಳೆಯಬಾರದೆಂದು ಹೇಳಿ. ಗೂಟ ಮುರಿಯುವುದು ಹೆಚ್ಚಾಗಿ ಆಗಲೇ.

ಒಂದು ಲೋಪ ಉಳಿಯಿತು. ಗೂಟ ನೆಟ್ಟಗಾದರೂ ಕೊಳವೆಯ ತುದಿ ಸ್ವಲ್ಪ ತಿರುಚಿಕೊಂಡಿತ್ತು. ಕಣ್ಣಿಗೆ ಹಿಡಿದು ನೋಡಿದರೆ ಬಾಯಿ ಕಡೆಯ ಚಪ್ಪಟೆ ಒಂದೆಳೆ ಎಡಕ್ಕೆ. ಅದನ್ನು ಸರಿಮಾಡಲು ಆ ಭಾಗವನ್ನೇ ಬಿಸಿಮಾಡಬೇಕು. ಫಿಟ್ಟರನ ಕಣ್ಣಿಗೆ ಅದು ಚುಚ್ಚುತ್ತದೆ, ಈಗಲೂ. ನಾನು ಮುಟ್ಟಲಿಲ್ಲ.

ಭಾನುವಾರ ಅಕ್ಕ ಬಂದಳು. ಕೊಳವೆ ಎಳೆದು ನೋಡಿದಳು, ಬರಲಿಲ್ಲ. ಆಮೇಲೆ ಹೆಬ್ಬೆರಳನ್ನು ತುದಿಗೆ ಒಯ್ದು ಗುಳಿಗಳ ಮೇಲೆ ಆಡಿಸಿದಳು. "ಸ್ವಲ್ಪ ಸೊಟ್ಟ ಇದೆಯಲ್ಲೋ" ಎಂದಳು.

"ಹೌದಕ್ಕ, ಇದೆ."

"ಇರಲಿ ಬಿಡು. ಅವರು ಕಚ್ಚುತ್ತಿದ್ದದ್ದೇ ಎಡ ಹಲ್ಲಲ್ಲಿ" ಎಂದು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡಳು.