ಹೌದು, ಇಲ್ಲ, ಮತ್ತು ಆ ಹುಡುಗಿ

ಮೊನ್ನೆ ನಮ್ಮ ರಿಪೋರ್ಟರ್ ಒಂದು ಕಾಲೇಜಿನ ಗೇಟ್ ಮುಂದೆ ಮೈಕ್ ಹಿಡಿದು ನಿಂತಿದ್ದ. ಒಂದೇ ಪ್ರಶ್ನೆ: ದೇವರನ್ನ ನಂಬ್ತೀರಾ, ಇಲ್ವಾ? ಸಂಜೆ ಸ್ಕ್ರೀನ್ ಮೇಲೆ ಇಷ್ಟು ಪರ್ಸೆಂಟ್ ಹೌದು, ಇಷ್ಟು ಪರ್ಸೆಂಟ್ ಇಲ್ಲ ಅಂತ ತೋರಿಸಿದ್ವಿ. ನೀವೂ ನೋಡಿದ್ರಿ.

ನೀವು ನೋಡದೇ ಇದ್ದದ್ದು ಒಂದಿದೆ. ಒಬ್ಬ ಹುಡುಗಿ, "ಅಜ್ಜಿ ದೀಪ ಹಚ್ಚುವಾಗ ನಂಬ್ತೀನಿ ಸರ್. ನನ್ನ ಫ್ರೆಂಡನ್ನ ಗುಡಿಯೊಳಗೆ ಬಿಡಲ್ಲ ಅಂದಾಗ ನಂಬಲ್ಲ" ಅಂದಳು. ಆ ಉತ್ತರ ನಮ್ಮ ಎರಡು ಡಬ್ಬಗಳಲ್ಲಿ ಯಾವುದಕ್ಕೂ ಹಿಡಿಸಲಿಲ್ಲ. ತೆಗೆದುಬಿಟ್ವಿ. ತೆಗಿ ಅಂದವನು ನಾನೇ.

ಹಾಗಾದರೆ ಅಳೆಯೋದು ಹೇಗೆ? 1929ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಥರ್‌ಸ್ಟನ್ ಮತ್ತು ಚೇವ್ ಎಂಬಿಬ್ಬರು ಇದಕ್ಕೆ ಕೈಹಾಕಿದರು. ಥರ್‌ಸ್ಟನ್ ಮೊದಲು ಓದಿದ್ದು ಎಂಜಿನಿಯರಿಂಗ್, ಆಮೇಲೆ ಮನಶ್ಶಾಸ್ತ್ರ. ಹಾಗಾಗಿ ಮನಸ್ಸಿಗೂ ಅಳತೆಪಟ್ಟಿ ಮಾಡಲು ಹೊರಟ. ಗಮನಿಸಿ, ಅವರು ಕೇಳಿದ್ದು ದೇವರ ಬಗ್ಗೆ ಅಲ್ಲ, ಚರ್ಚಿನ ಬಗ್ಗೆ. ದೇವರು ಬೇರೆ, ದೇವರ ಹೆಸರಿನ ಸಂಸ್ಥೆ ಬೇರೆ. ಆ ಹುಡುಗಿ ಹೇಳಿದ್ದೂ ಹೆಚ್ಚುಕಮ್ಮಿ ಅದೇ.

ಚರ್ಚನ್ನು ಹೊಗಳುವ, ತೆಗಳುವ, ನಡುವೆ ನಿಲ್ಲುವ 130 ಮಾತುಗಳನ್ನು ಚೀಟಿಗಳಲ್ಲಿ ಬರೆದು 300 ಜನರಿಂದ 11 ರಾಶಿ ಮಾಡಿಸಿದರು. ನಿಮ್ಮ ನಂಬಿಕೆ ಪಕ್ಕಕ್ಕಿಡಿ, ಈ ಮಾತು ಎಷ್ಟು ಪರ, ಎಷ್ಟು ವಿರೋಧ ಅಷ್ಟೇ ನೋಡಿ ಎಂಬುದು ಷರತ್ತು. (ನಂಬಿಕೆ ಅಷ್ಟು ಸುಲಭಕ್ಕೆ ಪಕ್ಕಕ್ಕೆ ಸರಿಯಲ್ಲ ಅಂತ 1952ರಲ್ಲಿ ಹವ್‌ಲ್ಯಾಂಡ್ ಮತ್ತು ಶರೀಫ್ ಬೇರೊಂದು ವಿಷಯದಲ್ಲಿ ತೋರಿಸಿದರು, ಆ ಮಾತು ಬೇರೆ.) ಒಬ್ಬರು ಒಂದು ರಾಶಿಗೆ, ಇನ್ನೊಬ್ಬರು ಮತ್ತೊಂದಕ್ಕೆ ಹಾಕಿದ ಗೊಂದಲದ ಮಾತುಗಳನ್ನು ಕೈಬಿಟ್ಟರು. ಕೊನೆಗೆ ಉಳಿದದ್ದು 45. ವಿದ್ಯಾರ್ಥಿ ತನಗೆ ಒಪ್ಪಿಗೆಯಾದ ಮಾತುಗಳಿಗೆ ಗುರುತು ಹಾಕಬೇಕು. ಅವುಗಳ ಬೆಲೆಯ ಸರಾಸರಿಯೇ ಅವನ ಅಂಕ.

ಒಂದು ಪ್ರಶ್ನೆಗಾಗಿ ಅಷ್ಟು ಪಾಡು! ನಮಗೆ ಎರಡು ಗಂಟೆ ಸಾಕಾಗಿತ್ತು.

ಆದರೂ ನನಗೊಂದು ತಕರಾರಿದೆ. ಆ ಹುಡುಗಿ ಇದನ್ನು ತುಂಬಿದ್ದರೆ ಒಂದು ಗುರುತು ಈ ತುದಿಗೆ, ಇನ್ನೊಂದು ಆ ತುದಿಗೆ. ಸರಾಸರಿ ತೆಗೆದರೆ ನಟ್ಟನಡುವೆ ನಿಲ್ತಾಳೆ. ಧರ್ಮದ ಗೊಡವೆಯೇ ಬೇಡ ಅನ್ನುವ ಹುಡುಗನೂ ಅಲ್ಲೇ ಇರ್ತಾನೆ. ಇಬ್ಬರಿಗೂ ಒಂದೇ ಅಂಕ. ಅವನಿಗೆ ನಿದ್ದೆ ಬರುತ್ತೆ, ಅವಳಿಗೆ ಬರಲ್ಲ.

ನಿನ್ನೆ ಎಡಿಟರ್‌ನ ಕೇಳಿದೆ. ಫೂಟೇಜ್ ಇನ್ನೂ ಇದೆಯಂತೆ. ಬ್ರೇಕ್ ಆದ್ಮೇಲೆ ಅವಳ ಮಾತು ಪೂರ್ತಿ ಹಾಕ್ತೀವಿ. ಕೆಳಗೆ ಪರ್ಸೆಂಟ್ ಪಟ್ಟಿ ಇರಲ್ಲ.